ಓದುಗರ ಪ್ರಶ್ನೆ: ಲ್ಯಾಟಿನೊ ಯಾರು, ಹಿಸ್ಪಾನಿಕ್ ಯಾರು, ಕೊನೇಲಿ ಆ ಎಕ್ಸ್ ಯಾಕೆ?

ಹೋದ ಸಂಚಿಕೆಯಲ್ಲಿ ಅಮೆರಿಕದ ಚುನಾವಣೆ ಬಗ್ಗೆ ಬರೀತಾ 'ಲ್ಯಾಟಿನೊ ವೋಟು' ಅಂತ ಒಂದು ಮಾತು ಹಾಕಿ ಮುಂದೆ ಹೋಗಿಬಿಟ್ಟಿದ್ದೆ, ಯಾರು ಏನು ಅಂತ ಬಿಡಿಸಿ ಹೇಳಿರ್ಲಿಲ್ಲ. ಬಂದ ಕಾಗದ, ಇಮೇಲು, ವಾಟ್ಸಾಪು ನೋಡಿದ್ರೆ ಅರ್ಧ ಜನ ಬೈದಿದೀರಿ, ಅರ್ಧ ಜನ ಪ್ರಶ್ನೆ ಕೇಳಿದೀರಿ. ಪ್ರಶ್ನೆ ಕೇಳಿದೋರಿಗೆ ಮಾತ್ರ ಉತ್ತರ. ಮೊದಲೇ ಹೇಳಿಬಿಡ್ತೀನಿ, ಲ್ಯಾಟಿನೊ ಅಂದ್ರೆ ಮೆಕ್ಸಿಕೊ, ಕ್ಯೂಬಾ, ಬ್ರೆಜಿಲ್ ಎಲ್ಲಾ ಸೇರೋ ಲ್ಯಾಟಿನ್ ಅಮೆರಿಕದ ಮೂಲದೋರು. ಎರಡು ವರ್ಷ ಲಾಸ್ ಏಂಜಲಿಸ್‌ನ ಪೂರ್ವದ ಕಡೆ ಬಾಡಿಗೆ ಮನೇಲಿದ್ದೆ, ಅಲ್ಲಿ ಕಂಡಿದ್ದು ಸ್ವಲ್ಪ, ಆಮೇಲೆ ಕೂತು ಓದಿದ್ದು ಜಾಸ್ತಿ, ಎರಡನ್ನೂ ಕಲಸಿ ಬಡಿಸ್ತಿದೀನಿ.

ದಾವಣಗೆರೆಯಿಂದ ಪಿಯು ಕಾಲೇಜಿನ ಮೇಷ್ಟ್ರೊಬ್ಬರು: ಇಂಗ್ಲಿಷ್ ಪೇಪರಿನಲ್ಲಿ ಲ್ಯಾಟಿನೊ ಅಂತ ಬರೆದು ಕೊನೇ ಅಕ್ಷರ ಕಿತ್ತು ಅಲ್ಲಿ ಎಕ್ಸ್ ಹಾಕಿರ್ತಾರೆ. ಅಚ್ಚಿನ ತಪ್ಪೇ? ಓದೋದು ಹೇಗೆ?

ಅಚ್ಚಿನ ತಪ್ಪಲ್ಲ ಮೇಷ್ಟ್ರೆ, ಬೇಕಂತಲೇ ಹಾಕಿದ್ದು. ಅಲ್ಲಿಯೋರು ಹೆಚ್ಚಾಗಿ 'ಲಟೀನೆಕ್ಸ್' ಅಂತ ಓದ್ತಾರೆ. ಸ್ಪ್ಯಾನಿಷ್‌ನಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗ ಅಂಟಿಕೊಂಡಿರತ್ತೆ, ಮೇಜು ಹೆಣ್ಣು, ಪುಸ್ತಕ ಗಂಡು. ಹಾಗೇ ಗಂಡಸಾದ್ರೆ ಲ್ಯಾಟಿನೊ, ಹೆಂಗಸಾದ್ರೆ ಲ್ಯಾಟಿನಾ, ನೂರು ಹೆಂಗಸರು ಕೂತಿರೋ ಕಡೆ ಒಬ್ಬ ಗಂಡಸು ಬಂದು ಕೂತ ಅಂದ್ರೆ ಇಡೀ ಗುಂಪು ಲ್ಯಾಟಿನೊಸ್ ಆಗಿಬಿಡತ್ತೆ. ಇದು ಸರಿಯಿಲ್ಲ, ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನೋರು ಎಲ್ಲಿ ಹೋಗ್ಬೇಕು ಅಂತ 2000ದ ಆಸುಪಾಸಿನಲ್ಲಿ ಇಂಟರ್ನೆಟ್‌ನಲ್ಲಿ ಮಾತಾಡಿಕೊಳ್ತಿದ್ದ ಹುಡುಗ ಹುಡುಗೀರು ಆ ಜಾಗಕ್ಕೆ ಎಕ್ಸ್ ಹಾಕಿದ್ರು, ಅಲ್ಲಿಂದ ಅದು ಯೂನಿವರ್ಸಿಟಿ ಡಿಪಾರ್ಟ್‌ಮೆಂಟಿನ ಬೋರ್ಡು ಹತ್ತಿತು. ನಮಗೆ ಈ ಕಷ್ಟ ಇಲ್ಲ. 'ಅವರು' ಅಂದ್ರೆ ಸಾಕು, ಗಂಡೋ ಹೆಣ್ಣೋ ಒಬ್ಬರೋ ಹತ್ತು ಜನವೋ ಕೇಳೋ ಹಾಗಿಲ್ಲ, ಮೇಲಾಗಿ ಮರ್ಯಾದೆನೂ ಕೊಟ್ಟಂಗಾಯ್ತು.

ಆದ್ರೆ ಬೋರ್ಡು ಹತ್ತಿದ್ದು ಮನೆ ಒಳಗೆ ಇಳೀಲಿಲ್ಲ. ಜನರ ಅಭಿಪ್ರಾಯ ಸಮೀಕ್ಷೆ ಮಾಡೋ ಅಮೆರಿಕದ ಪ್ಯೂ ಸಂಸ್ಥೆ 2020ರಲ್ಲಿ ಹೊರಹಾಕಿದ ಸಮೀಕ್ಷೆ ಪ್ರಕಾರ ಆ ಸಮುದಾಯದ ದೊಡ್ಡವರಲ್ಲಿ ಈ ಪದ ಕೇಳಿದೋರೇ ಶೇ. 23, ತಮಗೆ ತಾವು ಬಳಸೋರು ಶೇ. 3. 2024ಕ್ಕೆ ಕೇಳಿದೋರು ಶೇ. 47 ಆದ್ರು, ಬಳಸೋರು? ಶೇ. 4. ಇದು ನಾಲಿಗೆಗೆ ಹತ್ತೋ ಪದವೇ ಅಲ್ಲ, ಸ್ಪ್ಯಾನಿಷ್ ಬಾಯಲ್ಲಿ ಇದರ ಬಹುವಚನ ಹೇಳಿ ನೋಡಿ ಅಂತ ಬೈಯೋರು ಒಂದು ಕಡೆ. ಅದಕ್ಕೇ ಕೆಲವರು 'ಲತೀನೆ' ಅಂತ ಸ್ಪ್ಯಾನಿಷ್ ಬಾಯಿಗೆ ಒಗ್ಗೋ ರೂಪ ಬಳಸ್ತಾರೆ. ಇನ್ನೊಂದು ಕಡೆಯವರು ಎಕ್ಸ್ ಹೊಸದೇನಲ್ಲ, ಮೆಕ್ಸಿಕೊ ಮೂಲದ ಹೋರಾಟಗಾರರು ಮೂಲನಿವಾಸಿಗಳ ನಾವಾಟ್ಲ್ ಭಾಷೆ ನೆನಪಿಗೆ ತಮ್ಮನ್ನ ತಾವು ಕರ್ಕೊಳ್ಳೋ 'ಚಿಕಾನೊ' ಪದವನ್ನ ಎಕ್ಸ್ ಹಾಕಿ ಬರೀತಿರ್ಲಿಲ್ವಾ ಅಂತಾರೆ. ಪದ ಕಟ್ಟಿದೋರ ಉದ್ದೇಶ ಚೆನ್ನಾಗೇ ಇತ್ತು, ಆದ್ರೆ ಹೆಸರು ಹೊತ್ತುಕೊಳ್ಳೋರು ಬೇರೆ ಹೆಸರು ಇಡೋರು ಬೇರೆ ಆದಾಗ ಹೀಗಾಗತ್ತೆ ಅಂತ ನನಗನ್ಸತ್ತೆ. ನಾನು ಇಲ್ಲಿ ಲ್ಯಾಟಿನೊ ಅಂತಲೇ ಬರೀತೀನಿ, ಹೆಣ್ಣುಮಕ್ಕಳು ಬೇಜಾರು ಮಾಡ್ಕೋಬೇಡಿ.

ಶಿರಸಿಯಿಂದ ನಿವೃತ್ತ ಬ್ಯಾಂಕ್ ನೌಕರರು: ಹಾಗಾದ್ರೆ ಹಿಸ್ಪಾನಿಕ್ ಯಾರು? ಅದು ಜನಾಂಗವೋ, ಭಾಷೆಯೋ, ನಮ್ಮ ಜಾತಿ ತರಹವೋ?

ಮೂರೂ ಅಲ್ಲ ಸಾರ್, ಅದು ಫಾರ್ಮಿನ ಒಂದು ಕಾಲಂ. ತಮಾಷೆ ಮಾಡ್ತಿಲ್ಲ. ಹಿಸ್ಪಾನಿಕ್ ಅಂದ್ರೆ ಸ್ಪ್ಯಾನಿಷ್ ಭಾಷೆಯ ನಂಟು ಇರೋರು, ಹಾಗಾಗಿ ಸ್ಪೇನಿನೋರು ಒಳಗೆ, ಪೋರ್ಚುಗೀಸ್ ಮಾತಾಡೋ ಬ್ರೆಜಿಲಿನೋರು ಹೊರಗೆ. ಲ್ಯಾಟಿನೊ ಅಂದ್ರೆ ಲ್ಯಾಟಿನ್ ಅಮೆರಿಕದ ಮೂಲ, ಆಗ ಬ್ರೆಜಿಲಿನೋರು ಒಳಗೆ ಸ್ಪೇನಿನೋರು ಹೊರಗೆ. ಪುಸ್ತಕದಲ್ಲಿ ಹೀಗೆ, ಬೀದಿಯಲ್ಲಿ ಎರಡನ್ನೂ ಒಂದೇ ಅಂತ ಬಳಸ್ತಾರೆ.

ಇದರ ಹುಟ್ಟಿನ ಕಥೆ ಮಜಾ ಇದೆ. 1930ರ ಅಮೆರಿಕದ ಜನಗಣತಿಯಲ್ಲಿ 'ಮೆಕ್ಸಿಕನ್' ಅಂತ ಒಂದು ಜನಾಂಗವನ್ನೇ ಮಾಡಿದ್ರು, ಗಲಾಟೆ ಆಯ್ತು, 1940ಕ್ಕೆ ತೆಗೆದು ಮತ್ತೆ ಬಿಳಿಯರ ಲೆಕ್ಕಕ್ಕೆ ಸೇರಿಸಿದ್ರು. ಎಣಿಕೆ ಇಲ್ಲ ಅಂದ್ರೆ ಹಣ ಇಲ್ಲ, ಸೀಟಿಲ್ಲ, ಕೋರ್ಟಲ್ಲಿ ಅನ್ಯಾಯ ತೋರ್ಸೋಕೆ ಆಧಾರ ಇಲ್ಲ ಅಂತ 60ರ ದಶಕದಲ್ಲಿ ಸಂಘಟನೆಗಳು ಪಟ್ಟು ಹಿಡಿದ್ವು. 1970ರಲ್ಲಿ ನೂರಕ್ಕೆ ಐದು ಮನೆಗೆ ಮಾತ್ರ ಒಂದು ಪ್ರಶ್ನೆ ಹೋಯ್ತು: ನಿಮ್ಮ ಮೂಲ ಮೆಕ್ಸಿಕನ್ನೋ, ಪೋರ್ಟೊ ರಿಕನ್ನೋ, ಕ್ಯೂಬನ್ನೋ, 'ಸೆಂಟ್ರಲ್ ಅಥವಾ ಸೌತ್ ಅಮೆರಿಕನ್ನೋ' ಅಂತ. ಆಗ ಏನಾಯ್ತು ಗೊತ್ತಾ, ಅಮೆರಿಕದ ಮಧ್ಯಭಾಗದ, ದಕ್ಷಿಣ ಭಾಗದ ಅಪ್ಪಟ ಇಂಗ್ಲಿಷ್ ಮಾತಾಡೋ ಜನ ನಾವು ಸೆಂಟ್ರಲ್ಲೇ ಅಲ್ವಾ, ಸೌತೇ ಅಲ್ವಾ ಅಂತ ಟಿಕ್ ಹಾಕಿಬಿಟ್ರು. ಲಕ್ಷಗಟ್ಟಲೆ ಜನ ಒಂದೇ ರಾತ್ರಿಗೆ ದಕ್ಷಿಣ ಅಮೆರಿಕನ್ನರಾದ್ರು.

ಆಮೇಲೆ 1976ರಲ್ಲಿ ಕಾಂಗ್ರೆಸ್ಸು, ಅಂದ್ರೆ ಅಲ್ಲಿನ ಸಂಸತ್ತು, ಇವರ ಅಂಕಿಅಂಶ ಸಂಗ್ರಹಿಸಬೇಕು ಅಂತ ಕಾನೂನು ಮಾಡ್ತು, 1980ರ ಗಣತಿಯಲ್ಲಿ ಎಲ್ಲಾ ಮನೆಗೂ ಪ್ರಶ್ನೆ ಹೋಯ್ತು. ಬರ್ಕ್ಲಿ ಯೂನಿವರ್ಸಿಟಿಯ ಸಮಾಜಶಾಸ್ತ್ರಜ್ಞೆ ಕ್ರಿಸ್ಟಿನಾ ಮೋರಾ ಇದನ್ನೇ ಕೆದಕಿ 2014ರಲ್ಲಿ ಪುಸ್ತಕ ಬರೆದ್ರು. ಅವರು ಹೇಳೋದು ಇಷ್ಟು: ಹೋರಾಟಗಾರರಿಗೆ ದಿಲ್ಲಿ ಮಟ್ಟದಲ್ಲಿ, ಅಲ್ಲ ಕ್ಷಮಿಸಿ, ವಾಷಿಂಗ್ಟನ್ ಮಟ್ಟದಲ್ಲಿ ದೊಡ್ಡ ಸಂಖ್ಯೆ ಬೇಕಿತ್ತು, ಸರ್ಕಾರಿ ಅಧಿಕಾರಿಗಳಿಗೆ ಒಂದೇ ಕಾಲಂ ಬೇಕಿತ್ತು, ಸ್ಪ್ಯಾನಿಷ್ ಟೀವಿಯವರಿಗೆ ಜಾಹೀರಾತು ಮಾರೋಕೆ ದೇಶವ್ಯಾಪಿ ಒಂದು ಮಾರ್ಕೆಟ್ಟು ಬೇಕಿತ್ತು. ಮೂರೂ ಜನ ಸೇರಿ ನ್ಯೂಯಾರ್ಕಿನ ಪೋರ್ಟೊ ರಿಕನ್ನು, ಮಯಾಮಿಯ ಕ್ಯೂಬನ್ನು, ಟೆಕ್ಸಸ್‌ನ ಮೆಕ್ಸಿಕನ್ನು ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿದ್ರು. ಅರ್ಥ ಸ್ವಲ್ಪ ಮಸುಕಾಗಿದ್ದಷ್ಟೂ ಎಲ್ಲರಿಗೂ ಅನುಕೂಲ, ಅದಕ್ಕೇ ಯಾರೂ ಸ್ಪಷ್ಟ ಮಾಡೋಕೆ ಹೋಗ್ಲಿಲ್ಲ.

2020ರ ಗಣತಿಯಲ್ಲಿ ಹಿಸ್ಪಾನಿಕ್ ಜನ 6.21 ಕೋಟಿ, ದೇಶದ ಶೇ. 18.7. ಮುಂದಿನ ಪ್ರಶ್ನೆ ಜನಾಂಗ ಯಾವುದು ಅಂತಿತ್ತಲ್ಲ, ಬಿಳಿ, ಕಪ್ಪು, ಏಷ್ಯನ್, ಹೀಗೆ, ಅದಕ್ಕೆ ಇವರಲ್ಲಿ ಶೇ. 42ರಷ್ಟು ಜನ 'ಬೇರೆ ಯಾವುದೋ' ಅನ್ನೋ ಮನೆಗೆ ಟಿಕ್ ಹಾಕಿದ್ರು. ಕೊನೆಗೆ 2024ರ ಮಾರ್ಚಿನಲ್ಲಿ ಸರ್ಕಾರ ಎರಡೂ ಪ್ರಶ್ನೆ ಸೇರಿಸಿ ಒಂದೇ ಮಾಡ್ತೀವಿ ಅಂತು. ಹಾಗೆ ಮಾಡಿದ್ರೆ ಕಪ್ಪು ಬಣ್ಣದ ಲ್ಯಾಟಿನೊಗಳು ಲೆಕ್ಕದಲ್ಲಿ ಕಳೆದುಹೋಗ್ತಾರೆ ಅಂತ ಆಫ್ರೊ-ಲ್ಯಾಟಿನೊ ವಿದ್ವಾಂಸರ ತಕರಾರು ಇನ್ನೂ ಇದೆ. ನಮ್ಮಲ್ಲೂ 2025ರ ಸಮೀಕ್ಷೆ ಹೊತ್ತಿಗೆ ಧರ್ಮದ ಕಾಲಂನಲ್ಲಿ ಏನು ಬರೆಸಬೇಕು, ಜಾತಿ ಕಾಲಂನಲ್ಲಿ ಏನು ಬರೆಸಬೇಕು ಅಂತ ಮಠಮಠಗಳಲ್ಲಿ ಸಭೆ ನಡೆದಿದ್ದು ನೋಡಿದೋರಿಗೆ ಈ ಜಗಳ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಸಾಫ್ಟ್‌ವೇರ್ ಹುಡುಗ: ಏನೇ ಹೇಳಿ ಸಾರ್, ಇವ್ರೆಲ್ಲ ಬಾರ್ಡರ್ ಹಾರಿ ಬಂದೋರೇ ತಾನೆ? ನಮ್ಮೋರು ಹೆಚ್1ಬಿ ವೀಸಾಕ್ಕೆ ವರ್ಷಗಟ್ಟಲೆ ಕ್ಯೂ ನಿಲ್ತಾರೆ.

ಕ್ಯೂ ಸಂಕಟ ಅರ್ಥವಾಗತ್ತೆ, ಆದ್ರೆ ಇತಿಹಾಸ ಉಲ್ಟಾ ಇದೆಯಪ್ಪಾ. 1848ರ ಫೆಬ್ರವರಿ 2ರಂದು ಗುವಾಡಲೂಪೆ ಹಿಡಾಲ್ಗೊ ಒಪ್ಪಂದಕ್ಕೆ ಸಹಿ ಬಿತ್ತು, ಅಮೆರಿಕದ ಜೊತೆ ಯುದ್ಧ ಸೋತ ಮೆಕ್ಸಿಕೊ ತನ್ನ ನೆಲದಲ್ಲಿ ಅರ್ಧದಷ್ಟನ್ನ ಕಳಕೊಂಡಿತು. ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾದ ಬಹುಭಾಗ, ಎಲ್ಲಾ. ಅಲ್ಲಿದ್ದ ಸುಮಾರು ಲಕ್ಷ ಜನ ಮನೆ ಬಿಟ್ಟು ಒಂದು ಹೆಜ್ಜೆ ಇಡದೇ ಬೇರೆ ದೇಶದೋರಾದ್ರು. 'ನಾವು ಗಡಿ ದಾಟಿಲ್ಲ, ಗಡಿ ನಮ್ಮನ್ನ ದಾಟ್ತು' ಅಂತ ಅವರ ಮೆರವಣಿಗೆಗಳಲ್ಲಿ ಕೂಗ್ತಾರಲ್ಲ, ಅದು ಬರೀ ಘೋಷಣೆ ಅಲ್ಲ. ಆಸ್ತಿ ಉಳಿಸಿಕೊಡ್ತೀವಿ ಅಂತ ಒಪ್ಪಂದದಲ್ಲಿ ಬರೆದಿತ್ತು, ಆದ್ರೆ ಕ್ಯಾಲಿಫೋರ್ನಿಯಾಕ್ಕೆ ಅಂತ 1851ರಲ್ಲಿ ಮಾಡಿದ ಕಾನೂನಿನಲ್ಲಿ ಜಮೀನು ತನ್ನದೇ ಅಂತ ಸಾಬೀತು ಮಾಡೋ ಹೊರೆ ಅವರ ತಲೆ ಮೇಲೇ ಬಿತ್ತು. ವರ್ಷಗಟ್ಟಲೆ ಕೇಸು, ಗೆದ್ದೋರೂ ಲಾಯರ್ ಫೀಸಿಗೆ ಅಂತ ಜಮೀನೇ ಮಾರಿದ್ರು. ಕೋರ್ಟಲ್ಲಿ ಗೆದ್ದೋನು ಸೋತ ಅನ್ನೋ ಗಾದೆ ಅಲ್ಲಿಗೂ ಸಲ್ಲತ್ತೆ.

ಟೆಕ್ಸಸ್‌ನ ತುದಿ, ರಿಯೊ ಗ್ರ್ಯಾಂಡೆ ನದಿ ಬಯಲಿನಲ್ಲಿ ಹುಟ್ಟಿದ ಗ್ಲೋರಿಯಾ ಆನ್ಸಲ್ದುವಾ ಅಂತ ಒಬ್ಬ ಲೇಖಕಿ ಇದ್ರು, 1942ರಿಂದ 2004. ಸ್ಕೂಲಲ್ಲಿ ಆಟದ ಬಿಡುವಿನಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಗೆಣ್ಣಿನ ಮೇಲೆ ರೂಲರ್‌ನಿಂದ ಮೂರು ಏಟು ತಿಂದಿದ್ದನ್ನ ಬರ್ಕೊಂಡಿದಾರೆ. 1987ರಲ್ಲಿ ಬಂದ ಅವರ ಪುಸ್ತಕ ಅರ್ಧ ಪದ್ಯ ಅರ್ಧ ಗದ್ಯ, ಇಂಗ್ಲಿಷು ಸ್ಪ್ಯಾನಿಷು ಕಲಸಿ ಬರೆದದ್ದು, ಎಷ್ಟೋ ಕಡೆ ಅನುವಾದವನ್ನೂ ಕೊಟ್ಟಿಲ್ಲ, ಬೇಕಾದ್ರೆ ಕಲ್ತು ಓದಿ ಅನ್ನೋ ಗತ್ತು. ಗಡಿ ಅಂದ್ರೆ ನಕ್ಷೆಯ ಗೆರೆ ಅಲ್ಲ, ಅಲ್ಲೇ ಒಂದು ಬದುಕಿದೆ, ಎರಡೂ ಕಡೆಗೆ ಸೇರದ, ಎರಡನ್ನೂ ಹೊತ್ತ ಮನಸ್ಸಿದೆ ಅಂತ ಅವರು ಹೇಳಿದ್ದು ಇವತ್ತು ಎಷ್ಟೋ ಯೂನಿವರ್ಸಿಟಿಗಳ ಸಿಲಬಸ್ಸು.

ಇನ್ನು ಪೋರ್ಟೊ ರಿಕೊ, ಕೆರಿಬಿಯನ್ ಸಮುದ್ರದ ಒಂದು ದ್ವೀಪ. 1898ರಲ್ಲಿ ಸ್ಪೇನಿನಿಂದ ಕಿತ್ತುಕೊಂಡಿದ್ದು, 1917ರಿಂದ ಅಲ್ಲಿಯೋರು ಅಮೆರಿಕದ ಪ್ರಜೆಗಳು, ವೀಸಾ ಗೀಸಾ ಇಲ್ಲ. ಆದ್ರೆ ದ್ವೀಪದಲ್ಲೇ ಇದ್ರೆ ಅಧ್ಯಕ್ಷರಿಗೆ ವೋಟು ಹಾಕೋ ಹಾಗಿಲ್ಲ, ಅದೇ ಮನುಷ್ಯ ವಿಮಾನ ಹತ್ತಿ ಫ್ಲಾರಿಡಾಕ್ಕೆ ಬಂದು ಮನೆ ಮಾಡಿದ್ರೆ ಹಾಕಬಹುದು. 2025ರಲ್ಲಿ ಬ್ಯಾಡ್ ಬನ್ನಿ ಅನ್ನೋ ಪೋರ್ಟೊ ರಿಕೊದ ಗಾಯಕನನ್ನ ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್ಬಾಲ್ ಫೈನಲ್ಲಿನ ಕಾರ್ಯಕ್ರಮಕ್ಕೆ ಆರಿಸಿದಾಗ ಅಮೆರಿಕನ್ನರನ್ನ ಬಿಟ್ಟು ಹೊರಗಿನೋನ್ನ ಯಾಕೆ ಕರೀತೀರಿ ಅಂತ ಎಷ್ಟೋ ಜನ ಕೂಗಾಡಿದ್ರು, ಆತ ಹುಟ್ಟಿದಾಗಿಂದ ಅಮೆರಿಕದ ಪ್ರಜೆ.

ವಿಜಯಪುರ ಜಿಲ್ಲೆ ತಿಕೋಟಾದಿಂದ: ಸರ, ನಮ್ದು ದ್ರಾಕ್ಷಿ ತ್ವಾಟ ಐತಿ. ಅಮೇರಿಕಾದಾಗ ದ್ರಾಕ್ಷಿ ಕೂಲಿಕಾರ್ರು ಐದ್ ವರ್ಷ ಮುಷ್ಕರ ಮಾಡಿದ್ರಂತ ಯೂಟ್ಯೂಬ್‌ನ್ಯಾಗ ನೋಡಿದ್ನಿ. ಐದ್ ವರ್ಷ ಕೂಲಿ ಬಿಟ್ರ ಹೊಟ್ಟಿಗೇನ್ ತಿಂದ್ರು ಅವ್ರು?

ಭಲೇ ಪ್ರಶ್ನೆ. ಇತಿಹಾಸದ ಮೇಷ್ಟ್ರುಗಳು ಇದನ್ನ ಕೇಳೋದೇ ಇಲ್ಲ. ಊರು ಡಿಲೇನೊ, ಕ್ಯಾಲಿಫೋರ್ನಿಯಾದ ನಡುಬಯಲು. 1965ರ ಸೆಪ್ಟೆಂಬರ್ 8ಕ್ಕೆ ಮುಷ್ಕರ ಶುರು ಮಾಡಿದೋರು ಮೆಕ್ಸಿಕನ್ನರಲ್ಲ, ಲ್ಯಾರಿ ಇಟ್ಲಿಯಾಂಗ್ ಮುಂದಾಳಾಗಿದ್ದ ಫಿಲಿಪೀನ್ಸ್ ಮೂಲದ ಕೂಲಿಗಳು, ಹೆಚ್ಚಿನೋರು ಮದುವೆ ಇಲ್ಲದೇ ಕ್ಯಾಂಪುಗಳಲ್ಲೇ ಮುದುಕರಾದೋರು. ಗಂಟೆಗೆ 1.40 ಡಾಲರ್ ಕೊಡಿ ಅಂತ ಅವರ ಬೇಡಿಕೆ. ಎಂಟು ದಿನ ಬಿಟ್ಟು ಸೀಸರ್ ಚಾವೆಜ್, ಡೊಲೊರೆಸ್ ವೆರ್ಟಾ ಅವರ, ಮೆಕ್ಸಿಕೊ ಮೂಲದ ಕೂಲಿಗಳೇ ಹೆಚ್ಚಿದ್ದ ಸಂಘ ಕೂಡಿಕೊಂಡಿತು. ಹಿಂದೆಲ್ಲ ಮಾಲೀಕರು ಫಿಲಿಪಿನೊಗಳು ಕೂತ್ರೆ ಮೆಕ್ಸಿಕನ್ನರನ್ನ, ಮೆಕ್ಸಿಕನ್ನರು ಕೂತ್ರೆ ಫಿಲಿಪಿನೊಗಳನ್ನ ತಂದು ಮುಷ್ಕರ ಮುರೀತಿದ್ರು, ಈ ಸಲ ಅದು ನಡೀಲಿಲ್ಲ.

ಹೊಟ್ಟೆ ವಿಷಯ. ಡಿಲೇನೊದ ಫಿಲಿಪಿನೊ ಸಮುದಾಯ ಭವನದಲ್ಲಿ ಇಬ್ಬರಿಗೂ ಒಂದೇ ಅಡುಗೆಮನೆ ನಡೀತು, ನಮ್ಮ ದಾಸೋಹದ ಹಾಗೆ. ಊರೂರಿಂದ ಅಕ್ಕಿ, ಬೀನ್ಸ್ ಕಾಳು, ಹಳೇ ಬಟ್ಟೆ ಬರ್ತಿತ್ತು. ಕಾರು ಕಾರ್ಖಾನೆ ಕಾರ್ಮಿಕರ ಯೂನಿಯನ್ನಿನ ನಾಯಕ ವಾಲ್ಟರ್ ರಾಯ್ಟರ್ ಡಿಸೆಂಬರ್‌ನಲ್ಲಿ ಬಂದು ತಿಂಗಳಿಗೆ 5,000 ಡಾಲರ್ ಕೊಡ್ತೀವಿ ಅಂತ ಘೋಷಿಸಿದ್ರು. ಅದಾಗಿಯೂ ಎಲ್ಲಾರೂ ಐದು ವರ್ಷ ಅಲ್ಲೇ ಕೂತಿರ್ಲಿಲ್ಲ ನೋಡ್ರಿ, ಬಹಳ ಜನ ಬೇರೆ ಬೆಳೆ ಕೆಲಸಕ್ಕೆ, ಬೇರೆ ಊರಿಗೆ ಹೋದ್ರು, ಕೆಲವರು ದೊಡ್ಡ ಪಟ್ಟಣಗಳಿಗೆ ಹೋಗಿ ಅಂಗಡಿ ಮುಂದೆ ನಿಂತು ಈ ದ್ರಾಕ್ಷಿ ತಗೋಬೇಡಿ ಅಂತ ಬೇಡಿದ್ರು. ಗೆಲ್ಸಿದ್ದು ಆ ಬಹಿಷ್ಕಾರವೇ. 1970ರ ಜುಲೈ 29ಕ್ಕೆ ಡಿಲೇನೊದ ದೊಡ್ಡ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದ್ರು.

ಮುಷ್ಕರದ ಜಾಗದಲ್ಲೇ ಲೂಯಿಸ್ ವಾಲ್ಡೆಜ್ ಅನ್ನೋ ಹುಡುಗ ಒಂದು ನಾಟಕ ತಂಡ ಕಟ್ಟಿದ. ಟ್ರಕ್ಕಿನ ಹಿಂಭಾಗವೇ ಸ್ಟೇಜು, ಕೂಲಿಗಳೇ ನಟರು, ಕೊರಳಿಗೆ ರಟ್ಟು ನೇತುಹಾಕಿಕೊಂಡು ಒಬ್ಬ 'ಧಣಿ', ಇನ್ನೊಬ್ಬ 'ಮುಷ್ಕರ ಮುರಿಯೋನು'. ಪಾತ್ರಪರಿಚಯ ಮುಗೀತು, ಶುರು.

ಇನ್ನೊಂದು ವಸ್ತು ಹೇಳ್ಬೇಕು, ಗಿಡ್ಡ ಹಿಡಿಯ ಗುದ್ದಲಿ. ಲೆಟ್ಯೂಸ್, ಬೀಟ್ ಹೊಲಗಳಲ್ಲಿ ಅದೇ ಕೊಡ್ತಿದ್ರು, 'ಎಲ್ ಕೊರ್ತಿತೊ', ಗಿಡ್ಡಣ್ಣ ಅನ್ನಬಹುದು. ದಿನವಿಡೀ ಬಗ್ಗೇ ಇರ್ಬೇಕು, ಯಾರಾದ್ರೂ ನಿಮಿಷ ಸೊಂಟ ಎತ್ತಿದ್ರೆ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗತ್ತೆ. 1975ರಲ್ಲಿ ಕ್ಯಾಲಿಫೋರ್ನಿಯಾ ಅದನ್ನ ನಿಷೇಧಿಸಿತು. ಅಷ್ಟರೊಳಗೆ ಎಷ್ಟು ಸೊಂಟ ಹೋಗಿತ್ತೋ.

ಈಗಿನ ಇತಿಹಾಸಕಾರರು ಈ ಕಥೆನ ಚಾವೆಜ್ ಅನ್ನೋ ಒಬ್ಬ ನಾಯಕನ ಪುಣ್ಯಕಥೆ ಮಾಡೋಕೆ ಒಪ್ಪಲ್ಲ. ಮ್ಯಾಟ್ ಗಾರ್ಸಿಯಾ ತರದೋರು ಬಹಿಷ್ಕಾರ ನಡೆಸಿದ ಹೆಣ್ಣುಮಕ್ಕಳು, ಸ್ವಯಂಸೇವಕರನ್ನ ಮುಂದೆ ತಂದ್ರು, ಆಮೇಲೆ ಚಾವೆಜ್ ಯೂನಿಯನ್ನು ಒಳಗಿಂದ ಹೇಗೆ ಕುಸೀತು ಅಂತಲೂ ಬರೆದ್ರು. 1974ರಲ್ಲಿ ಇದೇ ಯೂನಿಯನ್ನು ಕಾಗದಪತ್ರ ಇಲ್ಲದ ಕೂಲಿಗಳನ್ನ ಸರ್ಕಾರಕ್ಕೆ ಹಿಡಿದುಕೊಡೋ ಅಭಿಯಾನ ಮಾಡ್ತು, ಅವರನ್ನ ಮುಷ್ಕರ ಮುರಿಯೋಕೆ ತರ್ತಾರೆ ಅಂತ. ಚಾವೆಜ್‌ನ ಹೊಗಳೋ ಗೋಡೆ ಚಿತ್ರಗಳಲ್ಲಿ ಅದು ಕಾಣಲ್ಲ.

ಫ್ರೀಮಾಂಟ್‌ನಿಂದ ಕನ್ನಡತಿ: ಮಗಳ ಕ್ಲಾಸ್‌ಮೇಟ್ ಮನೆಯಿಂದ 'ಕಿನ್ಸೆನ್ಯೆರಾ' ಅಂತ ಕರೆಯೋಲೆ ಬಂದಿದೆ, ಹುಡುಗಿಗೆ 15 ತುಂಬತ್ತಂತೆ. ಅತ್ತೆ ಊರಿಂದ ಬಂದಿದಾರೆ, ಅದು ದೊಡ್ಡವಳಾದ ಆರತಿ ಇರ್ಬೇಕು, ಸೀರೆ ತಗೊಂಡ್ ಹೋಗು ಅಂತಿದಾರೆ. ಏನ್ ಮಾಡ್ಲಿ?

ಅತ್ತೆಯವರಿಗೆ ನಮಸ್ಕಾರ ಹೇಳಿ, ಅವರ ಊಹೆ ಪೂರ್ತಿ ತಪ್ಪಲ್ಲ. ಹುಡುಗಿ ಹೆಣ್ಣಾದಳು ಅಂತ ನಾಲ್ಕು ಜನರ ಮುಂದೆ ಸಾರೋದು ಹೌದು, ಆದ್ರೆ ಮೈನೆರೆದ ದಿನಕ್ಕೂ ಇದಕ್ಕೂ ಸಂಬಂಧ ಇಲ್ಲ, ವಯಸ್ಸು 15 ಆಗಬೇಕು ಅಷ್ಟೇ. ಕ್ಯಾಥೊಲಿಕ್ ಮನೆಯಾದ್ರೆ ಮೊದಲು ಚರ್ಚಿನಲ್ಲಿ ಪೂಜೆ. ಆಮೇಲೆ ದೊಡ್ಡ ಹಾಲ್‌ನಲ್ಲಿ ಪಾರ್ಟಿ. ಹುಡುಗಿ ಕೊಡೆ ಬಿಚ್ಚಿದಂಥ ದೊಡ್ಡ ಗೌನ್ ಹಾಕಿರ್ತಾಳೆ, ಸುತ್ತ ಅವಳ ಗೆಳತಿಯರು, ಗೆಳೆಯರು ಒಂದೇ ತರದ ಬಟ್ಟೆ ಹಾಕ್ಕೊಂಡು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದ ಡಾನ್ಸ್ ಮಾಡ್ತಾರೆ. ನಾನು ಹೋಗಿದ್ದ ಒಂದರಲ್ಲಿ ಅಪ್ಪ, ಅವನು ತೋಟಗೆಲಸದೋನು, ಬಾಡಿಗೆ ಕೋಟು ಹಾಕಿದ್ದ, ಎಲ್ಲರ ಮುಂದೆ ಮಂಡಿಯೂರಿ ಕೂತು ಮಗಳ ಚಪ್ಪಟೆ ಶೂ ಬಿಚ್ಚಿ ಹೀಲ್ಸ್ ತೊಡಿಸಿದ. ಬಕಲ್ ಸಿಗ್ತಾನೇ ಇಲ್ಲ, ಬೆರಳು ದಪ್ಪ, ಕೈ ನಡುಕ. ಹಾಡು ಹಾಕೋ ಹುಡುಗ ಅದೇ ಹಾಡನ್ನ ಎರಡು ಸಲ ಹಾಕಬೇಕಾಯ್ತು. ಆಮೇಲೆ ಅವಳಿಗೆ ಒಂದು ಗೊಂಬೆ ಕೊಡ್ತಾರೆ, ಕಡೇ ಗೊಂಬೆ, ಅದನ್ನ ಅವಳು ತಂಗಿಗೆ ಕೊಟ್ಟುಬಿಡ್ತಾಳೆ.

ಖರ್ಚು ನೋಡಿ ಗಾಬರಿ ಆಗಬೇಡಿ. ಅಲ್ಲಿ 'ಪದ್ರೀನೊ'ಗಳು ಅಂತ ಇರ್ತಾರೆ, ಧರ್ಮಪಿತ ಧರ್ಮಮಾತೆಯರು. ಒಬ್ಬರು ಕೇಕಿನ ಪದ್ರೀನೊ, ಒಬ್ಬರು ಕಿರೀಟದ್ದು, ಒಬ್ಬರು ಶೂದು, ಒಬ್ಬರು ಬ್ಯಾಂಡಿನದು. ಕರೆಯೋಲೆಯಲ್ಲಿ ಅವರ ಹೆಸರು ಅಚ್ಚಾಗತ್ತೆ. ನಾಳೆ ಅವರ ಮನೇಲಿ ಕಾರ್ಯ ಬಂದ್ರೆ ಇವರು ಹೊರಬೇಕು. ಮುಯ್ಯಿ ಅನ್ನೋ ಪದ ಗೊತ್ತಿರೋ ಅತ್ತೆಯವರಿಗೆ ಇದು ಒಂದು ನಿಮಿಷದಲ್ಲಿ ಅರ್ಥವಾಗತ್ತೆ. ಈ ಧರ್ಮಸಂಬಂಧದ ಜಾಲಕ್ಕೆ 'ಕೊಂಪದ್ರಾಸ್ಗೊ' ಅಂತ ಹೆಸರು, ಬ್ಯಾಂಕು ಸಾಲ ಕೊಡದ, ವಿಮೆ ಇಲ್ಲದ ಕುಟುಂಬಗಳಿಗೆ ಅದೇ ಬ್ಯಾಂಕು ಅದೇ ವಿಮೆ ಅಂತ ಮಾನವಶಾಸ್ತ್ರಜ್ಞರು ಹೇಳ್ತಾರೆ. ಹುಡುಗಿಯನ್ನ ಮದುವೆಗೆ ತಯಾರು ಮಾಡೋ ಶಾಸ್ತ್ರ ಇದು, ಬೇಡ ಅನ್ನೋ ಸ್ತ್ರೀವಾದಿಗಳೂ ಇದ್ದಾರೆ, ನಮ್ಮ ಗುರುತು ಉಳ್ಸೋ ಒಂದೇ ಹಬ್ಬ ಇದು ಅನ್ನೋ ಸ್ತ್ರೀವಾದಿಗಳೂ ಇದ್ದಾರೆ. ನೀವು ಕವರಿನಲ್ಲಿ ದುಡ್ಡು ಹಾಕಿ ಕೊಡಿ, ಒಂದು ಡಾಲರ್ ಎಕ್ಸ್ಟ್ರಾ ಸೇರಿಸಬೇಕು ಅಂತೇನಿಲ್ಲ. ಸೀರೆ ನೀವೇ ಉಟ್ಕೊಂಡ್ ಹೋಗಿ, ಚೆನ್ನಾಗಿರತ್ತೆ.

ಮಂಡ್ಯದಿಂದ: ಟ್ರಂಪ್ ಅಷ್ಟು ಬೈದರೂ ಈ ಜನ ಅವನಿಗೇ ವೋಟು ಹಾಕಿದ್ರಲ್ಲ, ಯಾಕ್ ಸಾ?

ಹತ್ತಿರ ಹತ್ತಿರ ಅರ್ಧ ಜನ ಹಾಕಿದ್ರು. ಪ್ಯೂ ಲೆಕ್ಕದಲ್ಲಿ 2016ರಲ್ಲಿ ಲ್ಯಾಟಿನೊ ಮತದಾರರಲ್ಲಿ ಶೇ. 28 ಟ್ರಂಪ್‌ಗೆ, 2024ರಲ್ಲಿ ಶೇ. 48. ಒಂದೇ ಜಾಗ ತಗೊಳ್ಳಿ, ಟೆಕ್ಸಸ್‌ನ ಸ್ಟಾರ್ ಕೌಂಟಿ, ನದಿ ಆಚೆ ಮೆಕ್ಸಿಕೊ, ನೂರಕ್ಕೆ ತೊಂಬತ್ತೈದಕ್ಕೂ ಮೇಲೆ ಲ್ಯಾಟಿನೊಗಳು. 2016ರಲ್ಲಿ ಹಿಲರಿ ಅಲ್ಲಿ 60 ಪಾಯಿಂಟ್ ಅಂತರದಲ್ಲಿ ಗೆದ್ದಿದ್ರು. 2020ಕ್ಕೆ ಬೈಡನ್ ಅಂತರ 5ಕ್ಕೆ ಇಳೀತು. 2024ರಲ್ಲಿ ಟ್ರಂಪ್ ಗೆದ್ದ, 1892ರಿಂದೀಚೆಗೆ ರಿಪಬ್ಲಿಕನ್ ಗೆದ್ದಿರ್ಲಿಲ್ಲ ಅಲ್ಲಿ.

ಅಲ್ಲಿನ ಹುಡುಗರಿಗೆ ಸಂಬಳದ ಕೆಲಸ ಅಂದ್ರೆ ತೈಲ ಬಾವಿ ಇಲ್ಲಾ ಬಾರ್ಡರ್ ಪಟ್ರೋಲು, ಅಂದ್ರೆ ಗಡಿ ಕಾಯೋ ಪಡೆ. ಗಡಿ ಕಾಯೋ ಯೂನಿಫಾರ್ಮಿನ ಹಿಂದೆ ಇರೋ ಹೆಸರೂ ಗಾರ್ಸಿಯಾ, ಹರ್ನಾಂಡಿಸ್ಸೇ. ಅವರು ತಮ್ಮನ್ನ ವಲಸಿಗರು ಅಂದ್ಕೊಂಡೇ ಇಲ್ಲ, ಇನ್ನೂರು ವರ್ಷದಿಂದ ಇಲ್ಲೇ ಇದೀವಿ ಅಂತಾರೆ. ಅದರ ಮೇಲೆ ಮೊಟ್ಟೆ ರೇಟು, ಬಾಡಿಗೆ, ಎವಾಂಜೆಲಿಕಲ್ ಚರ್ಚುಗಳು, ಗಂಡಸರ ಒಂದು ತರದ ಸಿಟ್ಟು. ಮಯಾಮಿಯ ಕ್ಯೂಬನ್ನರದ್ದು ಬೇರೆ ಲೆಕ್ಕ, 1959ರ ಕ್ರಾಂತಿಯಿಂದ ಓಡಿಬಂದೋರಿಗೆ ಸಮಾಜವಾದ ಅನ್ನೋ ಪದ ಕಿವಿಗೆ ಬಿದ್ರೆ ಆಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಉಲ್ಟಾ, 1994ರಲ್ಲಿ ಕಾಗದ ಇಲ್ಲದೋರಿಗೆ ಸರ್ಕಾರಿ ಸ್ಕೂಲು, ತುರ್ತಲ್ಲದ ಆಸ್ಪತ್ರೆ ಸೌಲಭ್ಯ ಬಂದ್ ಮಾಡೋ ಪ್ರಸ್ತಾಪ 187ನ್ನ ಮತದಾರರು ಪಾಸ್ ಮಾಡಿದ್ರು, ಕೋರ್ಟು ತಡೀತು, ಆ ಸಿಟ್ಟಿನಲ್ಲಿ ಬೀದಿಗಿಳಿದ ಹುಡುಗರು ಎಷ್ಟೋ ಜನ ಮುಂದೆ ಶಾಸಕರೇ ಆದ್ರು. ಇನ್ನು 2025ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ವಲಸೆ ಅಧಿಕಾರಿಗಳು ಕೆಲಸದ ಜಾಗಕ್ಕೇ ನುಗ್ಗಿ ವಲಸಿಗರನ್ನ ಹಿಡಿದಾಗ ಜನ ರಸ್ತೆಗೆ ಬಂದ್ರು, ನ್ಯಾಷನಲ್ ಗಾರ್ಡನ್ನ ಇಳಿಸಿದ್ರು. ಆ ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಪಸೇಯ್ಕ್ ಕೌಂಟಿ, ಲ್ಯಾಟಿನೊಗಳು ಬಹಳ ಇರೋ, ವರ್ಷದ ಹಿಂದೆ ಟ್ರಂಪ್‌ಗೆ ಗೆಲುವು ಕೊಟ್ಟ ಕಡೆ, ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಾಟ್‌ಗೆ ಬಿತ್ತು. 'ಲ್ಯಾಟಿನೊ ವೋಟು' ಅಂತ ಹೋದ ಸಲ ಒಂದೇ ಗಂಟು ಮಾಡಿ ಬರೆದಿದ್ದೆನಲ್ಲ, ಅದನ್ನ ವಾಪಸ್ ತಗೊಂಡಿದೀನಿ.

ಸಿಯಾಟಲ್ ಕಡೆ ಕನ್ನಡ ಕಲಿಸೋ ಟೀಚರ್: ಸ್ಪ್ಯಾನಿಷ್ ಮನೆಯ ಮಕ್ಕಳು ಎಲ್ಲೆಲ್ಲೂ ಅವರ ಭಾಷೆ ಆಡ್ತಾರೆ, ನಮ್ಮ ಮಕ್ಕಳು ಕನ್ನಡ ಕೇಳಿದ್ರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡ್ತವೆ.

ನಿಮಗೆ ಕಾಣ್ತಿರೋದು ಹೊಸದಾಗಿ ಬಂದೋರ ಮಕ್ಕಳು ಟೀಚರ್. ರೂಬೆನ್ ರುಂಬೌ, ಡಗ್ಲಸ್ ಮ್ಯಾಸಿ, ಫ್ರಾಂಕ್ ಬೀನ್ ಅನ್ನೋ ಮೂವರು 2006ರಲ್ಲಿ ಭಾಷೆಗೂ ಆಯಸ್ಸು ಲೆಕ್ಕ ಹಾಕಿದ್ರು, ವಿಮೆ ಕಂಪನಿಯೋರು ಮನುಷ್ಯರಿಗೆ ಹಾಕ್ತಾರಲ್ಲ ಹಾಗೆ. ಸ್ಪ್ಯಾನಿಷ್ ತುಂಬಿ ತುಳುಕೋ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೇ, ಮೆಕ್ಸಿಕನ್ ಮನೆಗಳಲ್ಲೇ, ಮೂರನೇ ತಲೆಮಾರಿನ ಹೊತ್ತಿಗೆ ಅದು ಹೆಚ್ಚುಕಮ್ಮಿ ತೀರಿಹೋಗತ್ತೆ ಅಂತ ಸಿಕ್ತು. ಅದಕ್ಕೆ ಎರಡು ವರ್ಷ ಮುಂಚೆ ರಾಜಕೀಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್, ಈ ಜನ ಇಂಗ್ಲಿಷ್ ಕಲಿಯದೇ ದೇಶ ಒಡೀತಾರೆ ಅಂತ ದೊಡ್ಡದಾಗಿ ಹೆದರ್ಸಿದ್ರು. ಭಾಷೆ ಬರದ ಮಕ್ಕಳಿಗೆ ಅಲ್ಲಿ 'ನೊ ಸಾಬೊ ಕಿಡ್ಸ್' ಅಂತ ಅಡ್ಡಹೆಸರು, ಗೊತ್ತಿಲ್ಲ ಅನ್ನೋಕೆ 'ನೊ ಸೆ' ಅನ್ನಬೇಕು, ಅವು ತಪ್ಪಾಗಿ 'ನೊ ಸಾಬೊ' ಅಂತವಲ್ಲ, ಅದಕ್ಕೆ. ಭಾಷೆ ಬರದ ಲ್ಯಾಟಿನೊಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಮ್ಮೋರೇ ನಮ್ಮನ್ನ ಹಂಗಿಸಿದಾರೆ ಅಂತ ಪ್ಯೂ ಸಮೀಕ್ಷೆಯಲ್ಲಿ ಹೇಳಿದ್ರು. ಮಗು 'ನಾನು ಬಂತು' ಅಂದಾಗ ಕನ್ನಡ ಕೂಟದಲ್ಲಿ ನಕ್ಕಿರ್ತೀವಲ್ಲ, ನಾನೂ ನಕ್ಕಿದೀನಿ.

ಕಲಬೆರಕೆಗೆ ಮಾತ್ರ ಬೈಬೇಡಿ. ಆನಾ ಸೆಲಿಯಾ ಜೆಂಟೆಲ್ಲಾ ಅನ್ನೋ ಭಾಷಾಶಾಸ್ತ್ರಜ್ಞೆ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನ ಒಂದೇ ಬೀದಿಯ ಪೋರ್ಟೊ ರಿಕನ್ ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿ 1997ರಲ್ಲಿ ಬರೆದ್ರು, ಆ ಮಕ್ಕಳು ಪದ ಸಿಗದೇ ಭಾಷೆ ಬದಲಾಯಿಸ್ತಿಲ್ಲ, ಯಾರ ಹತ್ರ, ಯಾವ ವಿಷಯ ಅಂತ ನೋಡ್ಕೊಂಡು ವ್ಯಾಕರಣ ಮುರಿಯದೇ ಬದಲಾಯಿಸ್ತವೆ ಅಂತ. ಅವರು ಗಾಡಿ 'ಪಾರ್ಕಿಯಾರ್' ಮಾಡ್ತಾರೆ, 'ಲೋಂಚೆ' ತಿಂತಾರೆ. ನಾವು ಪಾರ್ಕ್ ಮಾಡ್ತೀವಿ, ಲಂಚ್ ಮಾಡ್ತೀವಿ.

ಇನ್ನು ಚಿಲ್ಲರೆ ಪ್ರಶ್ನೆಗಳು.

ಧಾರವಾಡದಿಂದ: ಇದು ಓದೋಕೆ ಒಂದು ವಿಷಯನೂ ಹೌದೇನ್ರಿ?
ಹೌದ್ರಿ. 1968ರ ಮಾರ್ಚಿನಲ್ಲಿ ಈಸ್ಟ್ ಲಾಸ್ ಏಂಜಲಿಸ್‌ನ ಹೈಸ್ಕೂಲು ಮಕ್ಕಳು ಸಾವಿರಗಟ್ಟಲೆ ಕ್ಲಾಸ್ ಬಿಟ್ಟು ಹೊರಗೆ ಬಂದ್ರು, ನಮ್ಮ ಇತಿಹಾಸ ಕಲಿಸಿ, ಮಧ್ಯಾಹ್ನ ಬಾತ್‌ರೂಮಿಗೆ ಬೀಗ ಹಾಕಬೇಡಿ ಅಂತ. ಆ ಅಲೆಯಲ್ಲೇ 1969ರಲ್ಲಿ ಯುಸಿಎಲ್‌ಎಯಲ್ಲಿ ಚಿಕಾನೊ ಅಧ್ಯಯನ ಕೇಂದ್ರ, 1973ರಲ್ಲಿ ನ್ಯೂಯಾರ್ಕಿನಲ್ಲಿ ಪೋರ್ಟೊ ರಿಕನ್ ಅಧ್ಯಯನ ಕೇಂದ್ರ ಬಂದ್ವು.

ಮೈಸೂರಿನಿಂದ: ನಮ್ಮ ದೇಶದೋರಿಗೂ ಇವರಿಗೂ ನೆಂಟಸ್ತನ ಏನಾದ್ರೂ?
ಅಕ್ಷರಶಃ ನೆಂಟಸ್ತನ. ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾಕ್ಕೆ ಹೋದ ಪಂಜಾಬಿ ರೈತರಿಗೆ ಊರಿಂದ ಹೆಂಡತಿ ಕರ್ಕೊಳ್ಳೋಕೂ ಕಾನೂನು ಬಿಡಲ್ಲ, ಬಿಳಿ ಹೆಂಗಸರನ್ನ ಮದುವೆ ಆಗೋಕೂ ಬಿಡಲ್ಲ, ಇಂಪೀರಿಯಲ್ ವ್ಯಾಲಿಯಲ್ಲಿ ಮೆಕ್ಸಿಕನ್ ಹೆಂಗಸರನ್ನ ಮದುವೆಯಾದ್ರು. ಕ್ಯಾರೆನ್ ಲೆನಾರ್ಡ್ ಈ ಕುಟುಂಬಗಳ ಬಗ್ಗೆ ಇಡೀ ಪುಸ್ತಕ ಬರೆದಿದಾರೆ. ಮಕ್ಕಳ ಹೆಸರು ಮುಂದೆ ಸ್ಪ್ಯಾನಿಷು ಹಿಂದೆ ಸಿಂಗ್, ಹೋಗೋದು ಚರ್ಚಿಗೆ. ಯೂಬಾ ಸಿಟಿಯಲ್ಲಿ ಅಂಥ ಒಂದು ಮನೆಯವರ ಹೋಟೆಲಿನಲ್ಲಿ ರೊಟ್ಟಿ ಕೆಸಡೀಯ, ಅಂದ್ರೆ ಚೀಸ್ ತುಂಬಿದ ರೊಟ್ಟಿ ಮಾರ್ತಿದ್ರು.

ತರೀಕೆರೆಯಿಂದ ಹೂವಿನ ಬೆಳೆಗಾರರು: ಮೆಕ್ಸಿಕೊದಲ್ಲಿ ಸತ್ತೋರ ಹಬ್ಬಕ್ಕೆ ನಮ್ಮ ಚೆಂಡು ಹೂವೇ ಹಾಕ್ತಾರಲ್ಲ, ಇಲ್ಲಿಂದ ಹೋಗಿದ್ದಾ?
ಅಲ್ಲಿಂದ ಬಂದಿದ್ದು. ನಾವು ಆಯುಧಪೂಜೆಗೆ ಲಾರಿಗೆ ಕಟ್ಟೋ ಚೆಂಡು ಹೂವಿನ ತವರು ಮೆಕ್ಸಿಕೊ, ಅಲ್ಲಿ ಅದರ ಹೆಸರು 'ಸೆಂಪಸೂಚಿಲ್'. ನವೆಂಬರ್ 1, 2ಕ್ಕೆ ಸತ್ತೋರ ಫೋಟೊ ಮುಂದೆ ಅವರಿಗಿಷ್ಟದ ತಿಂಡಿ, ಬ್ರೆಡ್ಡು, ಒಂದು ಗ್ಲಾಸ್ ನೀರು, ಸಿಗರೇಟು ಸೇದ್ತಿದ್ರೆ ಅದನ್ನೂ ಇಡ್ತಾರೆ, ನಾವು ಎಡೆ ಇಟ್ಟಂಗೆ. ಅಮೆರಿಕದಲ್ಲಿ ಇದು ಬೀದಿಗೆ ಬಂದಿದ್ದು 1970ರ ದಶಕದಲ್ಲಿ, ಚಿಕಾನೊ ಕಲಾವಿದರಿಂದ. ರೆಜಿನಾ ಮಾರ್ಕಿ ಅನ್ನೋ ವಿದ್ವಾಂಸೆ ತೋರಿಸಿದಂಗೆ ಅಲ್ಲಿ ಎಡೆ ಬರೀ ಅಜ್ಜ ಅಜ್ಜಿಗಲ್ಲ, ಕೀಟನಾಶಕದಿಂದ ಸತ್ತ ಹೊಲದ ಕೂಲಿಗೆ, ಗಡಿ ಮರಳುಗಾಡಿನಲ್ಲಿ ನೀರಿಲ್ಲದೇ ಸತ್ತೋರಿಗೆ. ಅಂಥ ಒಂದು ಎಡೆ ಮುಂದೆ ಪ್ಲಾಸ್ಟಿಕ್ಕಿನ ನೀರಿನ ಕ್ಯಾನು ಮಾತ್ರ ಇಟ್ಟಿದ್ದನ್ನ ನೋಡಿದೀನಿ, ಸುತ್ತ ಚೆಂಡು ಹೂವು, ಫೋಟೊ ಇರೋ ಜಾಗದಲ್ಲಿ ಖಾಲಿ ಫ್ರೇಮು. ಹೆಸರು ಗೊತ್ತಿಲ್ಲವಂತೆ.